ಬೀದರದ ಮಕ್ಕಳಿಗೆ ಶಾರ್ಕ್ ತೋರಿಸಿದ್ದು

ಬೀದರದಿಂದ ಯಾವ ಕಡೆ ಹೊರಟರೂ ಸಮುದ್ರ ನೂರಾರು ಕಿಲೋಮೀಟರ್ ದೂರ. ಆದರೂ ನನ್ನ ಚಿತ್ರಕಲೆ ತರಗತಿಯಲ್ಲಿ ಶಾರ್ಕ್ ಬಿಡಿಸಿ ಅಂದಾಗ ಎಲ್ಲ ಮಕ್ಕಳೂ ಒಂದೇ ಥರ ಬಿಡಿಸಿದರು. ತೆರೆದ ಬಾಯಿ, ಗರಗಸದಂಥ ಹಲ್ಲು, ಸುತ್ತ ಕೆಂಪು ನೀರು. ಸಮುದ್ರವನ್ನೇ ನೋಡದವರಿಗೆ ಈ ಭಯ ಚಿತ್ರಗಳಿಂದಲೇ ಬಂದಿರಬೇಕು, ಅಲ್ವಾ? ಚಿತ್ರದಿಂದಲೇ ಅದನ್ನು ಕಳೆಯೋಣ ಅಂತ ಹೊರಟೆ.

ಮೊದಲು ಲೆಕ್ಕ ಹೇಳಿದೆ. ಶಾರ್ಕ್ ಕಚ್ಚಿ ಸಾಯುವವರು ಇಡೀ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 10 ಜನ, ಎಷ್ಟೋ ವರ್ಷ ಅದಕ್ಕೂ ಕಡಿಮೆ. ಮಕ್ಕಳು ತಲೆಯಾಡಿಸಿ ಮತ್ತೆ ಹಲ್ಲನ್ನೇ ಬಿಡಿಸಿದರು. ಆಮೇಲೆ ದೊಡ್ಡ ಕಣ್ಣಿನ, ನಗುವ ಶಾರ್ಕ್ ಬಿಡಿಸಿ ತೋರಿಸಿದೆ. "ಇದು ಗೊಂಬೆ ಸರ್, ನಿಜವಾದ್ದು ಬಿಡಿಸಿ" ಅಂದಳು ಒಬ್ಬ ಹುಡುಗಿ. ಅವಳು ಹೇಳಿದ್ದು ಸರಿ. ರಾಕ್ಷಸನೂ ಸುಳ್ಳು, ಗೊಂಬೆಯೂ ಸುಳ್ಳು.

ಆಗ ನೋಡುವ ಜಾಗ ಬದಲಿಸಿದೆ. ಭಯದ ಚಿತ್ರಗಳಲ್ಲಿ ಶಾರ್ಕ್ ನೇರ ನಮ್ಮ ಮೇಲೆ ಬರುತ್ತದೆ. ನಾನು ಪಕ್ಕದಿಂದ, ಅದರ ಕಣ್ಣಿನ ಮಟ್ಟದಲ್ಲಿ ಬಿಡಿಸಿದೆ. ಕಿವಿರಿನ ಐದು ಸೀಳು, ಉದ್ದ ಬಾಲ, ಇಡೀ ಮೈ. ತನ್ನ ಪಾಡಿಗೆ ತಾನು ಎಲ್ಲಿಗೋ ಹೋಗುತ್ತಿರುವ ಮೀನು. ಹಲ್ಲು ಸುಮ್ನೆ ಇದ್ದಷ್ಟೇ ಇತ್ತು.

ಅಳತೆಗೆ ನಮ್ಮ ಮನೆಯ ವಸ್ತು ಬಳಸಿದೆ. ಶಾರ್ಕ್‌ಗಳಲ್ಲಿ 500ಕ್ಕೂ ಹೆಚ್ಚು ಜಾತಿ. ಕುಬ್ಜ ಲ್ಯಾಂಟರ್ನ್ ಶಾರ್ಕ್ ಸುಮಾರು 20 ಸೆಂಟಿಮೀಟರ್, ಅದಕ್ಕೇ ಅದನ್ನು ಜೋಳದ ರೊಟ್ಟಿಯ ಮೇಲೆ ಮಲಗಿಸಿದೆ. ತಿಮಿಂಗಿಲ ಶಾರ್ಕ್ 12 ಮೀಟರ್ ದಾಟಬಹುದು. ಅದರ ಪಕ್ಕ ಕಲಬುರಗಿ ಬಸ್ಸು ನಿಲ್ಲಿಸಿದೆ. ಅಷ್ಟು ದೊಡ್ಡದು ತಿನ್ನುವುದು ಜಾಸ್ತಿ ಪ್ಲವಕಗಳನ್ನೇ, ಅಂದರೆ ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನೇ, ಅಂದಾಗ ಮಕ್ಕಳು ನಂಬಲಿಲ್ಲ.

ಬಣ್ಣ ಮಾತ್ರ ಬೀದರವೇ ಕೊಟ್ಟಿತು. ಬಿದರಿಯ ಹೂಜಿ ನೋಡಿ, ಕಪ್ಪು ಲೋಹದಲ್ಲಿ ಕೂರಿಸಿದ ಬೆಳ್ಳಿ ಎಳೆ ಆಳದ ನೀರಿನಲ್ಲಿ ಬೆಳಕು ಬಿದ್ದ ಹಾಗೇ ಇರುತ್ತದೆ. ಕೋಟೆಯ ರಂಗೀನ್ ಮಹಲಿನ ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ್ದಾರೆ. ಸಮುದ್ರ ನಮ್ಮೂರಿಗೆ ಎಂದೋ ಬಂದಿದೆ! ಕಪ್ಪು ಹಾಳೆ ತಂದು, ಬಿಳಿ ಬಣ್ಣದಲ್ಲಿ ತಿಮಿಂಗಿಲ ಶಾರ್ಕಿನ ಚುಕ್ಕೆಗಳನ್ನು ಒಂದೊಂದಾಗಿ ಇಟ್ಟೆವು. ಒಂದರ ಚುಕ್ಕೆಯ ಹಾಗೆ ಇನ್ನೊಂದರದ್ದು ಇರುವುದಿಲ್ಲ. ಅದಕ್ಕೇ ಪ್ರತಿ ಮಗುವಿನ ಶಾರ್ಕೂ ಬೇರೆ ಶಾರ್ಕ್ ಆಯಿತು.

ಚುಕ್ಕೆ ಇಡುತ್ತಿರುವಾಗಲೇ ಗುಜರಾತಿನ ವಿಷಯ ಹೇಳಿದೆ. ಈ ಮೀನಿಗೆ 2001ರಲ್ಲಿ ಕಾನೂನಿನ ರಕ್ಷಣೆ ಸಿಕ್ಕಿತು. ಆಮೇಲೆ ರಾಮಕಥೆ ಹೇಳುವ ಮೊರಾರಿ ಬಾಪು ಅದನ್ನು ಹೆರಿಗೆಗೆ ತವರಿಗೆ ಬರುವ ಮಗಳಿಗೆ ಹೋಲಿಸಿದರು. ಅಲ್ಲಿನ ಮೀನುಗಾರರು ಬಲೆ ಕತ್ತರಿಸಿ ಅದನ್ನು ಬಿಡತೊಡಗಿದರು. ತವರು ಅಂದದ್ದೇ ತಡ, ಮಕ್ಕಳ ಗಲಾಟೆ ನಿಂತಿತು.

ಒಬ್ಬ ಹುಡುಗ ಈಗಲೂ ಕೆಂಪು ನೀರೇ ಬಿಡಿಸುತ್ತಾನೆ. ಅವನಿಗಾಗಿ ಕೆಲವು ಶಾರ್ಕ್‌ಗಳು ಇಡುವ ಮೊಟ್ಟೆಯ ಚೀಲ ಬಿಡಿಸುತ್ತಿದ್ದೇನೆ. ಬೆಳಕಿಗೆ ಹಿಡಿದರೆ ಒಳಗೆ ಮರಿ ಅಲುಗುವುದು ಕಾಣುತ್ತದೆ. ಆ ಅಲುಗಾಟ ಇನ್ನೂ ಕೈಗೆ ಸಿಕ್ಕಿಲ್ಲ. ಇದು ನಾಲ್ಕನೇ ಹಾಳೆ.