ಮೂಲಂಗಿ, ಬೀನ್ಸ್, ಕೊತ್ತಂಬರಿ: ಕಂತಿನಲ್ಲಿ ಬಿತ್ತುವ ನನ್ನ ಕ್ರಮ

ಮೂಲಂಗಿ ಬೀಜದ ಇಡೀ ಪೊಟ್ಟಣವನ್ನು ಒಂದೇ ದಿನ ಬಿತ್ತಿದರೆ ಬೆಳೆಯೆಲ್ಲ ಒಂದೇ ವಾರದಲ್ಲಿ ಕೈಗೆ ಬರುತ್ತದೆ. ಆ ವಾರ ದಾಟಿದರೆ ಗಡ್ಡೆ ಬೆಂಡಾಗುತ್ತದೆ, ಆಮೇಲೆ ತಿಂಗಳಿಡೀ ಮಡಿ ಖಾಲಿ. ಹಾಗಾಗಿ ನಾನು ಬಿತ್ತುವುದು ಕಂತಿನಲ್ಲಿ. ಒಂದು ಕಂತಿಗೆ ಮನೆಯವರು ಎರಡು ವಾರದಲ್ಲಿ ತಿಂದು ಮುಗಿಸುವಷ್ಟೇ: ಸಣ್ಣ ಮೂಲಂಗಿ 25 ಬೀಜ, ಗಿಡ ಬೀನ್ಸ್ 30 ಬೀಜ, ಬೀಟ್‌ರೂಟ್ ಒಂದು ಮೀಟರ್ ಸಾಲು.

ಅಂತರ ಎಷ್ಟು ಎನ್ನುವುದೇ ಇಲ್ಲಿ ಮುಖ್ಯ. ಲೆಕ್ಕಕ್ಕೆ ಮೂಲಂಗಿಗೆ 10 ದಿನ, ಕೊತ್ತಂಬರಿಗೆ 15, ಬೀನ್ಸ್ ಮತ್ತು ಬೀಟ್‌ರೂಟ್‌ಗೆ 20 ದಿನ. ಆದರೆ ಕ್ಯಾಲೆಂಡರ್ ಒಂದನ್ನೇ ನಂಬಿದರೆ ಕಂತುಗಳು ಒಂದರ ಮೇಲೊಂದು ಬೀಳುತ್ತವೆ. ತಣ್ಣನೆಯ ಮಣ್ಣಿನಲ್ಲಿ ಬಿತ್ತಿದ ಬೀನ್ಸ್ ಮೊಳೆಯಲು ಎರಡು ವಾರ ತೆಗೆದುಕೊಳ್ಳಬಹುದು. ಆಮೇಲೆ ಬೆಚ್ಚಗಿನ ಮಣ್ಣಿಗೆ ಬಿದ್ದದ್ದು ಒಂದೇ ವಾರದಲ್ಲಿ ತಲೆ ಎತ್ತಿ ಮೊದಲನೆಯದನ್ನು ಹಿಡಿದುಬಿಡುತ್ತದೆ. ಅದಕ್ಕೇ ಗಿಡವನ್ನು ನೋಡಿ ಬಿತ್ತುತ್ತೇನೆ. ಬೀನ್ಸ್‌ನ ದಪ್ಪ ಬೀಜದಳಗಳ ಮೇಲೆ ಹೃದಯದಾಕಾರದ ಎರಡು ಎಲೆ ಪೂರ್ತಿ ಬಿಚ್ಚಿಕೊಂಡ ದಿನ ಮುಂದಿನ ಕಂತು ಮಣ್ಣಿಗೆ. ಮೂಲಂಗಿಯಲ್ಲಾದರೆ ನುಣುಪಾದ ಬೀಜದಳಗಳ ನಡುವೆ ಒರಟು ರೋಮದ ಮೊದಲ ಎಲೆ ಕಾಣಿಸಿದಾಗ.

ಹವೆ ತಂಪಿನತ್ತ ತಿರುಗಿ ಹಗಲು ಕುಗ್ಗುವಾಗ ಇದೆಲ್ಲ ತಿರುವುಮುರುವು. ಮೂರೇ ದಿನ ತಡವಾಗಿ ಬಿತ್ತಿದ್ದು ಹತ್ತು ದಿನ ತಡವಾಗಿ ಬೆಳೆಯಬಹುದು. ಆಗ ಎಲೆಗೂ ಕಾಯದೆ ಅಂತರವನ್ನು ಅರ್ಧಕ್ಕೆ ಇಳಿಸುತ್ತೇನೆ. ಕೊನೆಯ ಕಂತಿಗೆ, ಕೊಯ್ಲಿಗೆ ಇಷ್ಟು ದಿನ ಎಂದು ಪೊಟ್ಟಣದ ಮೇಲೆ ಬರೆದಿರುವ ದಿನಗಳ ಜೊತೆ ಇನ್ನೂ 14 ದಿನ ಸೇರಿಸಿಕೊಳ್ಳುತ್ತೇನೆ.

ಕೊತ್ತಂಬರಿಗೆ ಬೇರೆಯೇ ಗಮನ ಬೇಕು. ನಾವು ಬೀಜ ಎನ್ನುವ ಆ ಗುಂಡು ಕಾಳಿನೊಳಗೆ ಎರಡು ಬೀಜಗಳಿವೆ. ಹಲಗೆಯ ಮೇಲೆ ಹಗುರವಾಗಿ ಉಜ್ಜಿ ಹೋಳು ಮಾಡಿ (ಪುಡಿಯಾಗಬಾರದು), ರಾತ್ರಿ ನೆನೆಸಿ, 1 ಸೆಂ.ಮೀ. ಆಳದಲ್ಲಿ ಬಿತ್ತಬೇಕು. ಸೆಕೆ ಏರಿದರೆ ಬೇಗ ಹೂದಂಟು ಎಬ್ಬಿಸುತ್ತದೆ. ಮುನ್ಸೂಚನೆ ಎಲೆಯಲ್ಲೇ ಇರುತ್ತದೆ: ಅಗಲ ಎಲೆಗಳ ನಡುವೆ ದಾರದಂತೆ ಸಣ್ಣಗೆ ಸೀಳಿದ ಹೊಸ ಎಲೆ ಬಂತೆಂದರೆ ದಂಟು ಕತ್ತರಿಸಿದರೂ ಅದನ್ನು ತಡೆಯಲಾಗದು. ಆ ಹೊತ್ತಿಗೆ ಮುಂದಿನ ಕಂತು ಗೇಣುದ್ದವಾಗಿರಬೇಕು.

ಬೆಂಡೆ, ಮೆಣಸಿನಕಾಯಿ, ಬದನೆಗೆ ಕಂತು ಬೇಕಿಲ್ಲ, ಕೊಯ್ದಷ್ಟೂ ಬಿಡುತ್ತವೆ. ಸೌತೆ ಮಾತ್ರ ಆರು ವಾರಗಳ ಅಂತರದಲ್ಲಿ ಎರಡು ಸಲ ಹಾಕುತ್ತೇನೆ, ಮೊದಲ ಬಳ್ಳಿ ಬೂದಿರೋಗಕ್ಕೆ ಸೋಲುವಾಗ ಎರಡನೆಯದು ಕಾಯಿ ಬಿಡಲಿ ಎಂದು.

ಹೊಸ ಕಂತನ್ನು ಹಳೆಯದರ ಪಕ್ಕದಲ್ಲೇ ಬಿತ್ತುವುದು ಎಲ್ಲರೂ ಮಾಡುವ ತಪ್ಪು. ಮುದಿ ಬೀನ್ಸ್ ಗಿಡದ ಸಸ್ಯಹೇನು, ನುಸಿ ನೇರವಾಗಿ ಎಳೆ ಗಿಡಕ್ಕೆ ಹತ್ತುತ್ತವೆ, ಬಲಿತ ಎಲೆಗಳ ಅಡಿಯಲ್ಲಿ ಅಡಗಿದ ಬಸವನಹುಳು ರಾತ್ರಿ ಮೊಳಕೆಗಳನ್ನು ಬೋಳಿಸುತ್ತದೆ. ಮಡಿಯ ಇನ್ನೊಂದು ತುದಿಯಲ್ಲಿ ಬಿತ್ತಿ. ಕಾಯಿ ಬಿಡುವುದು ನಿಂತುಹೋದ ಬೀನ್ಸ್ ಗಿಡವನ್ನು, ಪಾಪ ಇನ್ನೂ ಹಸಿರಾಗಿದೆ ಎಂದು ಉಳಿಸಿಕೊಳ್ಳಬೇಡಿ. ನೆಲಮಟ್ಟಕ್ಕೆ ಕತ್ತರಿಸಿ, ಬೇರು ಅಲ್ಲೇ ಕೊಳೆಯಲಿ. ಆ ಜಾಗಕ್ಕೆ 2 ಸೆಂ.ಮೀ. ಕಾಂಪೋಸ್ಟ್ ಹರಡಿ, ಬೇರೆ ಕುಲದ ಬೆಳೆ ಹಾಕಬೇಕು: ಬೀನ್ಸ್ ಹೋದಲ್ಲಿ ಮೂಲಂಗಿ, ಮೂಲಂಗಿ ಹೋದಲ್ಲಿ ಬೀಟ್‌ರೂಟ್. ಕ್ಯಾರೆಟ್ ಬರುವ ಜಾಗಕ್ಕೆ ಹಸಿ ಗೊಬ್ಬರ ಬೇಡ, ಗಡ್ಡೆ ಕವಲೊಡೆಯುತ್ತದೆ.

ಒಂದೇ ಪೊಟ್ಟಣ ತಿಂಗಳುಗಟ್ಟಲೆ ತೆರೆದು ಮುಚ್ಚುವುದರಿಂದ ಬೀಜಕ್ಕೆ ತೇವ ತಾಗದಂತೆ ಗಾಳಿಯಾಡದ ಡಬ್ಬಿಯಲ್ಲಿ, ತಂಪು ಜಾಗದಲ್ಲಿ ಇಡುತ್ತೇನೆ. ಮೂಲಂಗಿ, ಬೀನ್ಸ್ ಬೀಜ ಮೂರು ವರ್ಷವಾದರೂ ಮೊಳೆಯುತ್ತದೆ. ಈರುಳ್ಳಿ ಬೀಜವನ್ನು ಮಾತ್ರ ಪ್ರತಿ ವರ್ಷ ಹೊಸದಾಗಿ ತರುತ್ತೇನೆ.