ಪಾತ್ರೆಯ ಕೆಳಗಿನ ಬಿರುಕು

ಏರ್‌ಬಿಎನ್‌ಬಿ ಎಂಬ ಬುಕಿಂಗ್ ಆ್ಯಪ್ ಮೂಲಕ ಎರಡು ಮೂರು ದಿನದ ಮಟ್ಟಿಗೆ ಅತಿಥಿಗಳಿಗೆ ಬಾಡಿಗೆ ಕೊಡುವ ನನ್ನ ಮನೆಯಲ್ಲಿ ಮೊದಲು ಹಾಳಾಗಿದ್ದು ಊಟದ ಮೇಜು. ಯಾರೋ ಬಿಸಿ ಪಾತ್ರೆಯನ್ನು ಒಲೆಯಿಂದ ಇಳಿಸಿ ಸೀದಾ ಮರದ ಮೇಲೆ ಇಟ್ಟಿದ್ದರು. ನಟ್ಟನಡುವೆ ಕಪ್ಪು ಉಂಗುರ. ಅತಿಥಿಗೆ ಮೆಸೇಜ್ ಮಾಡಿದೆ. "ನಾವು ಬಂದಾಗಲೇ ಹಾಗಿತ್ತು" ಎಂದರು. ಇರಲಿಲ್ಲ ಎಂದು ನನಗೆ ಗೊತ್ತಿತ್ತು, ಆದರೆ ತೋರಿಸಲು ಏನಿತ್ತು? ಜಾಹೀರಾತಿಗೆಂದು ಎರಡು ವರ್ಷದ ಹಿಂದೆ ತೆಗೆಸಿದ ಚೆಂದದ ಫೋಟೋಗಳು. ಅವುಗಳಲ್ಲಿ ಮೇಜಿನ ಮೇಲೆ ಹೂದಾನಿ, ಅದೂ ಸರಿಯಾಗಿ ಉಂಗುರ ಬಿದ್ದ ಜಾಗದಲ್ಲೇ!

ಮೇಜನ್ನು ನನ್ನ ಖರ್ಚಲ್ಲೇ ಉಜ್ಜಿಸಿ ಪಾಲಿಶ್ ಹಾಕಿಸಿದೆ. ಆ ಅತಿಥಿ ಸುಳ್ಳು ಹೇಳಿದರು ಎಂದು ಬಹಳ ದಿನ ಸಿಟ್ಟಿತ್ತು. ಸಿಟ್ಟು ಇಳಿದ ಮೇಲೆ ಅನ್ನಿಸಿದ್ದು ಬೇರೆ. ಮನೆ ಕೊಡುವಾಗ ಹೇಗಿತ್ತು ಎಂಬುದೇ ನನ್ನ ಹತ್ತಿರ ದಾಖಲೆಯಲ್ಲಿಲ್ಲ. ಹಾಗಿದ್ದ ಮೇಲೆ ಹಾಳಾಯಿತು ಎಂದು ಯಾವ ಬಾಯಲ್ಲಿ ಹೇಳುವುದು?

ಅಂದಿನಿಂದ ಪ್ರತಿ ಅತಿಥಿ ಬರುವ ಮುಂಚೆ, ಕ್ಲೀನಿಂಗ್ ಮುಗಿದ ಕೂಡಲೇ, ಒಂದು ವಿಡಿಯೋ. ನಾಲ್ಕು ನಿಮಿಷ ಸಾಕು. ಬಾಗಿಲಿಂದ ಶುರು, ಬಲಗಡೆಯಿಂದ ಸುತ್ತು, ಯಾವಾಗಲೂ ಅದೇ ಕ್ರಮ. ಒಲೆಯ ಗಾಜು, ಬಚ್ಚಲಿನ ಗಾಜು, ಸೋಫಾದ ಕೈ, ಹಾಸಿಗೆಯ ಹೊದಿಕೆ ಎತ್ತಿ ಒಳಗಿನ ಮೈ, ಫ್ರಿಜ್‌ನ ಒಳಗಿನ ಟ್ರೇಗಳು. ಟಿವಿಯನ್ನು ಆನ್ ಮಾಡಿಯೇ ಹಿಡಿಯುತ್ತೇನೆ. ಆಫ್ ಆಗಿರುವ ಟಿವಿಯಲ್ಲಿ ಒಳಪರದೆ ಒಡೆದದ್ದು ಎಷ್ಟೋ ಸಲ ಕಾಣುವುದೇ ಇಲ್ಲ. ಈ ವಿಡಿಯೋವನ್ನು ವಾಟ್ಸಾಪ್‌ನಲ್ಲಿ ನನಗೇ ಕಳಿಸಿಕೊಂಡು ಸುಮ್ನಾಗುತ್ತಿದ್ದೆ. ಅದು ತಪ್ಪು. ಹಾಗೆ ಕಳಿಸಿದರೆ ಗುಣಮಟ್ಟ ಕುಗ್ಗುತ್ತದೆ, ತೆಗೆದ ದಿನಾಂಕದ ವಿವರವೂ ಫೈಲ್‌ನಿಂದ ಹೋಗುತ್ತದೆ. ಈಗ ಮೂಲ ಫೈಲನ್ನೇ ದಿನಾಂಕದ ಹೆಸರಿನ ಫೋಲ್ಡರ್‌ಗೆ ಹಾಕಿಡುತ್ತೇನೆ.

ಇನ್ನೊಂದು ಬದಲಾವಣೆ ಕ್ಲೀನಿಂಗ್‌ನಲ್ಲಿ. ನಮ್ಮಲ್ಲಿ ಕೆಲಸ ಮಾಡುವ ಅಕ್ಕ ಬಹಳ ಚುರುಕು. ಒಡೆದ ಲೋಟ ಕಂಡರೆ ಎರಡು ನಿಮಿಷದಲ್ಲಿ ಅದು ಕಸದ ಬುಟ್ಟಿಯಲ್ಲಿ. ಸಾಕ್ಷಿಯೂ ಅದರ ಜೊತೆಗೆ! "ಮೊದಲು ಫೋಟೋ, ಆಮೇಲೆ ಪೊರಕೆ" ಎಂದು ಹೇಳಿದ್ದೇನೆ. ಅವರ ಕೈಯಲ್ಲೇ ಏನಾದರೂ ಒಡೆದರೆ ಸಂಬಳದಲ್ಲಿ ಹಿಡಿಯುವುದಿಲ್ಲ ಎಂದೂ ಹೇಳಿದ್ದೇನೆ. ಇದು ಔದಾರ್ಯ ಅಲ್ಲ. ಅವರು ಹೆದರಿ ಮುಚ್ಚಿಟ್ಟರೆ ನಾನು ಅದನ್ನು ಅತಿಥಿಯ ತಲೆಗೆ ಕಟ್ಟುತ್ತೇನೆ, ಅಷ್ಟೆ.

ಈ ವ್ಯವಸ್ಥೆ ಕೆಲಸಕ್ಕೆ ಬಂದದ್ದು ಇಂಡಕ್ಷನ್ ಒಲೆಯ ವಿಷಯದಲ್ಲಿ. ಅತಿಥಿಗಳು ಹೋಗಿ ಅರ್ಧ ಗಂಟೆಯೂ ಆಗಿರಲಿಲ್ಲ, ಅಕ್ಕನ ಫೋನ್. "ಸರ್, ಒಲೆ ಮೇಲೆ ಖಾಲಿ ಪಾತ್ರೆ ಇಟ್ಟು ಹೋಗಿದ್ದಾರೆ. ಎತ್ತಿ ನೋಡಿದರೆ ಗಾಜು ಸೀಳಿದೆ." ಪಾತ್ರೆ ಇಟ್ಟಂತೆ ಒಂದು ಫೋಟೋ, ಎತ್ತಿ ಒಂದು ಫೋಟೋ ತೆಗೆಸಿದೆ. ಬಿರುಕು ಬಿಟ್ಟ ಗಾಜಿನ ಒಲೆಯನ್ನು ಬಳಸುವಂತಿಲ್ಲ. ಚೆಲ್ಲಿದ ನೀರು ಸೀಳಿನಿಂದ ಒಳಗಿನ ವಿದ್ಯುತ್ ಭಾಗಕ್ಕೆ ಇಳಿದರೆ ಶಾಕ್ ಹೊಡೆಯಬಹುದು. ಹಾಗಾಗಿ ಇದು ಬಿಟ್ಟುಬಿಡುವ ಮಾತೇ ಅಲ್ಲ.

ಮೊದಲಿನ ನಾನಾಗಿದ್ದರೆ "ನೀವು ಒಲೆ ಒಡೆದು ಮುಚ್ಚಿಟ್ಟಿದ್ದೀರಿ" ಎಂದು ಬರೆಯುತ್ತಿದ್ದೆ. ಈ ಸಲ ಬರೆದದ್ದು ಇಷ್ಟು: "ಕ್ಲೀನಿಂಗ್ ಮಾಡುವಾಗ ಒಲೆಯ ಗಾಜಿನಲ್ಲಿ ಬಿರುಕು ಕಂಡಿತು. ಏನಾಯಿತೆಂದು ನಿಮಗೇನಾದರೂ ಗೊತ್ತೇ? ನೀವು ಬರುವ ಮುಂಚಿನ ಫೋಟೋ ಮತ್ತು ಈಗಿನದ್ದು ಜೊತೆಗಿದೆ." ಕೇಳಿದ್ದೇ ಹೊರತು ದೂರಲಿಲ್ಲ. ಫೋನ್ ಮಾಡಲಿಲ್ಲ, ಆ್ಯಪ್‌ನ ಒಳಗೇ ಬರೆದೆ. ಮುಂದೆ ತಕರಾರಾದರೆ ನೋಡುವವರಿಗೆ ಕಾಣುವುದು ಅದೊಂದೇ. ಸಂಜೆ ಉತ್ತರ ಬಂತು. ಮೇಲಿನ ಕಪಾಟಿನಿಂದ ಬಾಟಲಿ ಜಾರಿ ಬಿತ್ತಂತೆ, ಹೇಳಲು ಮುಜುಗರವಾಯಿತಂತೆ. ಒಪ್ಪಿಕೊಳ್ಳಲು ಒಂದು ಸಣ್ಣ ದಾರಿ ಬಿಟ್ಟರೆ ಎಷ್ಟೋ ಜನ ಒಪ್ಪುತ್ತಾರೆ, ನನ್ನ ಅನುಭವದಲ್ಲಂತೂ ಹಾಗೇ.

ಇನ್ನು ಎಷ್ಟು ಕೇಳುವುದು? ಒಲೆ ನಾಲ್ಕು ವರ್ಷ ಹಳೆಯದು. ಹೊಸದರ ಪೂರ್ತಿ ಬೆಲೆ ಕೇಳಿದರೆ ಅವರ ಖರ್ಚಲ್ಲಿ ನನಗೆ ಹೊಸ ಒಲೆ ಬಂದಂತೆ, ಅಲ್ವಾ? ರಿಪೇರಿಯವರಿಂದ ಗಾಜು ಬದಲಿಸುವ ಕೊಟೇಶನ್ ಬರೆಸಿಕೊಂಡೆ. ಹಳೆಯ ಬಿಲ್ ಹುಡುಕಿ, ಸವಕಳಿ ಕಳೆದು, ಲೆಕ್ಕವನ್ನು ಹಾಗೇ ತೋರಿಸಿದೆ. ಎರಡನೇ ದಿನ ಹಣ ಬಂತು.

ಒಪ್ಪದೇ ಇದ್ದಿದ್ದರೆ ಗಡುವಿನ ಲೆಕ್ಕ ಶುರುವಾಗುತ್ತಿತ್ತು. ಅತಿಥಿಯಿಂದ ಹಾನಿಯಾದರೆ ಮನೆಯವರಿಗೆ ಪರಿಹಾರ ಕೊಡುವ ಏರ್‌ಬಿಎನ್‌ಬಿಯ ಯೋಜನೆ ಏರ್‌ಕವರ್‌ನಲ್ಲಿ ಅತಿಥಿ ಚೆಕ್‌ಔಟ್ ಆದ 14 ದಿನದೊಳಗೆ ಪರಿಹಾರ ಕೇಳಬೇಕು. ಅತಿಥಿಗೆ ಉತ್ತರಿಸಲು 24 ಗಂಟೆ. ಅವರು ಕೊಡದಿದ್ದರೆ ಮಾತ್ರ ಕಂಪನಿಯನ್ನು ಮಧ್ಯಕ್ಕೆ ಕರೆಯಬಹುದು. ಇದರ ಮಿತಿ 30 ಲಕ್ಷ ಡಾಲರ್ ಎಂದು ಓದಿ ಹಿಂದೆ ನಾನು ನಿಶ್ಚಿಂತೆಯಾಗಿದ್ದೆ. ಮಿತಿ ಎಷ್ಟಿದ್ದರೇನು, ಫೋಟೋ ಮತ್ತು ಬಿಲ್ ಇಲ್ಲದಿದ್ದರೆ ಮೇಜಿನ ಉಂಗುರಕ್ಕೂ ಏನೂ ಸಿಗುವುದಿಲ್ಲ. ಸಹಜವಾಗಿ ಸವೆದದ್ದು ಇದರಲ್ಲಿ ಬರುವುದಿಲ್ಲ, ಬರಲೂಬಾರದು.

ನನ್ನದೂ ಒಂದು ತಪ್ಪು ಹೇಳಿಬಿಡುತ್ತೇನೆ. ಒಮ್ಮೆ ಸಿಂಕ್ ಕೆಳಗಿನ ಕಪಾಟು ನೀರು ಕುಡಿದು ಊದಿಕೊಂಡಿತ್ತು. ಹಿಂದಿನ ದಿನ ಹೋದ ಕುಟುಂಬಕ್ಕೆ ಖಾರವಾಗಿಯೇ ಬರೆದೆ. ಪ್ಲಂಬರ್ ಬಂದು ನೋಡಿದರೆ ಪೈಪಿನ ರಬ್ಬರ್ ವಾಷರ್ ಒಣಗಿ ಬಿರಿದಿತ್ತು. ವಾರಗಟ್ಟಲೆ ಸೋರಿದೆ ಎಂದರು. ನನ್ನ ವಿಡಿಯೋದಲ್ಲಿ ಆ ಕಪಾಟಿನ ಬಾಗಿಲನ್ನೇ ತೆರೆದಿರಲಿಲ್ಲ. ಕ್ಷಮೆ ಕೇಳಿದೆ. ಅವರು ಉತ್ತರಿಸಲಿಲ್ಲ, ನ್ಯಾಯವೇ. ಈಗ ರಿಪೇರಿಯವರು ಬಂದು ನೋಡುವವರೆಗೆ ನೀರು, ವಿದ್ಯುತ್ತಿನ ವಿಷಯದಲ್ಲಿ ಒಂದಕ್ಷರ ಬರೆಯುವುದಿಲ್ಲ.

ಲೋಟ, ತಟ್ಟೆ, ಟವೆಲ್‌ಗೆಲ್ಲ ಬಿಲ್ ಕಳಿಸುವುದಿಲ್ಲ. ಅವು ಬಾಡಿಗೆಯಲ್ಲೇ ಸೇರಿವೆ ಎಂದುಕೊಂಡಿದ್ದೇನೆ. ಹಾಸಿಗೆಗೆ ನೀರು ಇಳಿಯದ ಕವರ್ ಹಾಕಿದ ಮೇಲೆ ದೊಡ್ಡ ತಲೆನೋವೊಂದು ಹೋಯಿತು. ಹಾಸಿಗೆ ಬಟ್ಟೆಯ ರಕ್ತದ ಕಲೆಗೆ ತಣ್ಣೀರು ಮಾತ್ರ, ಬಿಸಿನೀರು ಬಿದ್ದರೆ ಕಲೆ ಅಲ್ಲೇ ಕೂತುಬಿಡುತ್ತದೆ. ಇದನ್ನು ಕಲಿಯಲು ಎರಡು ಬಿಳಿ ಬೆಡ್‌ಶೀಟ್ ಹೋದವು.

ಒಳಗೊಂದು ಕ್ಯಾಮೆರಾ ಇಟ್ಟುಬಿಡು ಎಂದು ಗೆಳೆಯರೊಬ್ಬರು ಹೇಳುತ್ತಿದ್ದರು. 2024ರ ಏಪ್ರಿಲ್ 30ರಿಂದ ಏರ್‌ಬಿಎನ್‌ಬಿ ಮನೆಯೊಳಗಿನ ಕ್ಯಾಮೆರಾಗಳನ್ನು ಪೂರ್ತಿ ನಿಷೇಧಿಸಿದೆ. ನಿಷೇಧ ಇಲ್ಲದಿದ್ದರೂ ನಾನು ಇಡುತ್ತಿರಲಿಲ್ಲ. ಹಣ ಕೊಟ್ಟು ಮಲಗಲು ಬಂದವರನ್ನು ಯಾರಾದರೂ ನೋಡುತ್ತಾ ಕೂರುತ್ತಾರೆಯೇ?

ಅದರ ಬದಲು ಒಡೆದರೆ ಸಂಕಟವಾಗುವ ವಸ್ತುಗಳನ್ನೇ ತೆಗೆದೆ. ಬಿಸಿ ಪಾತ್ರೆ ಇಡಲು ಮೇಜಿನ ಮೇಲೆ ಮೂರು ಮರದ ಮಣೆಗಳಿವೆ, ಕಣ್ಣಿಗೆ ಬೀಳುವಂತೆ. ಅಜ್ಜಿಯ ಕಾಲದ ಗಾಜಿನ ದೀಪವನ್ನು ಅಲ್ಲಿಂದ ಎತ್ತಿ ತಂದು ನಾವಿರುವ ಮನೆಯಲ್ಲಿಟ್ಟೆ. ಎರಡೇ ವಾರಕ್ಕೆ ನನ್ನ ಮಗ ಚೆಂಡು ಹೊಡೆದು ಒಡೆದ. ಅದಕ್ಕೆ ಮಾತ್ರ ಯಾರಿಗೂ ಬಿಲ್ ಕಳಿಸಲಾಗಲಿಲ್ಲ.