ಹೊಸ ದೇಶಕ್ಕೆ ಹೋಗುವ ಮೊದಲು ಮಾತ್ರೆ ಪಟ್ಟಿ ಬರೆಯುವುದು ಹೇಗೆ?

ಬೇರೆ ದೇಶದಲ್ಲಿ ನೆಲೆಸಲು ಹೊರಟವರು ಸರ್ಟಿಫಿಕೇಟುಗಳಿಗೆಲ್ಲ ಮೂರು ಮೂರು ಜೆರಾಕ್ಸ್ ಮಾಡಿಸುತ್ತಾರೆ, ಸಕ್ಕರೆ ಕಾಯಿಲೆಯ ಚೀಟಿ ಮಾತ್ರ ಮರೆಯುತ್ತಾರೆ. ಆಮೇಲೆ ಮಾತ್ರೆ ಮುಗಿದು, ಹೊಸ ಡಾಕ್ಟರ ಮುಂದೆ ‘ಬಿಳಿ ಮಾತ್ರೆ, ಬೆಳಿಗ್ಗೆ ಒಂದು’ ಎಂದು ಹೇಳಿ ಒದ್ದಾಡಿದವರನ್ನು ಎಷ್ಟೋ ಸಲ ನೋಡಿದ್ದೇನೆ.

1. ಈಗಿನ ಡಾಕ್ಟರಿಂದ ಕಾಯಿಲೆ, ಅಲರ್ಜಿ ಎಲ್ಲ ಬರೆದ ಪತ್ರ ತಗೊಳ್ಳಿ. ಸಹಿ, ಸೀಲ್ ಇರಲಿ.

2. ಎಲ್ಲರೂ ಎಡವುವುದು ಪಟ್ಟಿಯಲ್ಲೇ. ದೇಶ ಬದಲಾದರೆ ಬ್ರ್ಯಾಂಡ್ ಹೆಸರೂ ಬದಲಾಗುತ್ತದೆ, ಅದನ್ನು ಬರೆದು ಉಪಯೋಗವಿಲ್ಲ. ಸ್ಟ್ರಿಪ್ ಹಿಂದೆ ಅಚ್ಚಾಗಿರುವ ಮೂಲ ಹೆಸರು, ಅಂದರೆ ಒಳಗಿನ ಔಷಧಿಯ ಹೆಸರು ಬರೆಯಿರಿ: ಮೆಟ್‌ಫಾರ್ಮಿನ್ 500 ಮಿ.ಗ್ರಾಂ, ದಿನಕ್ಕೆ ಎಷ್ಟು, ಊಟಕ್ಕೆ ಮೊದಲೋ ನಂತರವೋ. ಒಂದೇ ಮಾತ್ರೆಯಲ್ಲಿ ಎರಡು ಔಷಧಿ ಇದ್ದರೆ ಎರಡನ್ನೂ ಬಿಡಿಸಿ ಬರೆಯಿರಿ, ಆ ಜೋಡಿ ಅಲ್ಲಿ ಸಿಗದೇ ಇರಬಹುದು. ಮೂಲ ಹೆಸರೂ ಕೆಲವು ಕಡೆ ಬೇರೆ. ಸಕ್ಕರೆ ಕಾಯಿಲೆಯ ಗ್ಲಿಬೆನ್‌ಕ್ಲಮೈಡ್‌ಗೆ ಅಮೆರಿಕದಲ್ಲಿ ಗ್ಲೈಬ್ಯುರೈಡ್ ಎನ್ನುತ್ತಾರೆ, ಉಬ್ಬಸದ ಸಾಲ್ಬುಟಮಾಲ್ ಅಲ್ಲಿ ಆಲ್ಬ್ಯುಟೆರಾಲ್.

ಇನ್ನು ಅಂಕಿಗಳು. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾದಲ್ಲಿ ಸಕ್ಕರೆ ಅಳೆಯುವುದು ಮಿಲಿಮೋಲ್ ಲೆಕ್ಕದಲ್ಲಿ. ನಮ್ಮ ಮಿಲಿಗ್ರಾಂ ಲೆಕ್ಕದ ಅಂಕಿಯನ್ನು 18ರಿಂದ ಭಾಗಿಸಿ, 126 ಇದ್ದದ್ದು 7 ಆಗುತ್ತದೆ. ಮೀಟರಿನಲ್ಲಿ 7 ನೋಡಿ ಸಕ್ಕರೆ ಪೂರ್ತಿ ಇಳಿದುಹೋಯಿತು ಎಂದು ಗಾಬರಿ ಬೀಳುವವರಿದ್ದಾರೆ. ತಾರೀಕಿನಲ್ಲಿ ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ, 03/04 ಒಂದು ಕಡೆ ಏಪ್ರಿಲ್, ಇನ್ನೊಂದು ಕಡೆ ಮಾರ್ಚ್.

ಇನ್ಸುಲಿನ್ ತಗೊಳ್ಳುವವರು ಸೀಸೆ ಮಿ.ಲೀ.ಗೆ 40 ಯೂನಿಟಿನದ್ದೋ 100 ಯೂನಿಟಿನದ್ದೋ ನೋಡಿ ಬರೆಯಲೇಬೇಕು. 40ರ ಹಳೆ ಸಿರಿಂಜಿನಲ್ಲಿ 100ರ ಇನ್ಸುಲಿನ್ ಎಳೆದರೆ ಎರಡೂವರೆ ಪಟ್ಟು ಜಾಸ್ತಿ ಒಳಗೆ ಹೋಗುತ್ತದೆ, ಜೀವಕ್ಕೇ ಅಪಾಯ. ಹಳೆ ಸಿರಿಂಜು ಒಯ್ಯಲೇಬೇಡಿ ಎನ್ನುತ್ತೇನೆ ನಾನು.

ಪಟ್ಟಿಯನ್ನು ಅನುವಾದದ ಆ್ಯಪಿಗೆ ಹಾಕಿ ಹಾಗೇ ಪ್ರಿಂಟ್ ತೆಗೆಯಬೇಡಿ. ಒಂದು ಸೊನ್ನೆ ಆಚೀಚೆ ಆದರೂ ಕಷ್ಟ ಅಲ್ವಾ?

3. ಔಷಧಿ ಮೂಲ ಪ್ಯಾಕಿನಲ್ಲೇ, ಕೈಚೀಲದಲ್ಲಿ ಇರಲಿ. ವಿಮಾನದ ಲಗೇಜಿಗೆ ಹಾಕಿದ ಇನ್ಸುಲಿನ್ ಹೆಪ್ಪುಗಟ್ಟಬಹುದು, ಹಾಗಾದರೆ ಕರಗಿದ ಮೇಲೂ ಬಳಸಬಾರದು. ಆ ದೇಶಕ್ಕೆ ಎಷ್ಟು ದಿನದ ಔಷಧಿ ಒಯ್ಯಬಹುದು, ಯಾವುದಕ್ಕೆ ಅನುಮತಿ ಬೇಕು ಎಂದು ಮೊದಲೇ ವಿಚಾರಿಸಿ.

4. ತಲುಪಿದ ಮೊದಲ ವಾರವೇ ಡಾಕ್ಟರ ಅಪಾಯಿಂಟ್‌ಮೆಂಟಿಗೆ ಹೆಸರು ಬರೆಸಿ. ಸರದಿ ಬರಲು ವಾರಗಟ್ಟಲೆ ಆಗಬಹುದು. ಅಲ್ಲಿಯವರೆಗೆ ಬರಲೆಂದು ಮಾತ್ರೆಯನ್ನು ಅರ್ಧರ್ಧ ಮಾಡಿ ನುಂಗಬೇಡಿ, ಔಷಧಿ ಅಂಗಡಿಯಲ್ಲಿ ಪಟ್ಟಿ ತೋರಿಸಿ ಏನು ದಾರಿ ಎಂದು ಕೇಳಿ.

5. ಭಾಷೆ ಬಾರದಿದ್ದರೆ ಅಪಾಯಿಂಟ್‌ಮೆಂಟ್ ಕೇಳುವಾಗಲೇ ದುಭಾಷಿ ಬೇಕೆಂದು ಹೇಳಿ. ಶಾಲೆಗೆ ಹೋಗುವ ಮಗಳನ್ನು ಕರೆದೊಯ್ಯುವುದು ಸುಲಭ, ನಿಜ. ಆದರೆ ಮಗಳ ಬಾಯಲ್ಲಿ ಹೇಳಿಸಲಾಗದೆ ತಾಯಂದಿರು ಅರ್ಧ ತೊಂದರೆಯನ್ನು ನುಂಗಿಕೊಂಡು ವಾಪಸ್ ಬರುತ್ತಾರೆ.